ಸ್ನೇಹಲಳನ್ನು ಬೆಲ್ಲದಲ್ಲಿ ತೂಗಿದ ಮೇಲೆ

ನನ್ನ ಸಿಟ್ಟು ಮನೆತನದಲ್ಲೆಲ್ಲ ಹೆಸರುವಾಸಿ. ಹುಮನಾಬಾದಿನ ಅಕ್ಕನ ಮನೆಯ ಹೊಸ್ತಿಲಲ್ಲಿ ನಾನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಯಾರಾದರೂ "ವಿದ್ಯಾವತಿ ಬಂದಳು, ಬಾಯಿ ಮುಚ್ಕೊಂಡು ಕೂಡ್ರಿ" ಎನ್ನುತ್ತಾರೆ, ಉಳಿದವರು ನಗುತ್ತಾರೆ. ನಗಲಿ. ನಾನು ಹೇಳಹೊರಟಿರುವುದು ಅಕ್ಕನ ಮಗಳು ಸ್ನೇಹಲಳ ಕತೆ. ಅದನ್ನು ತಣ್ಣಗೆ ಹೇಳಲು ನನಗೆ ಬರುವುದಿಲ್ಲ. ತಣ್ಣಗೆ ಕೂತು ನೋಡಿದವರೇ ಆ ಹುಡುಗಿಯನ್ನು ಸಾವಿನ ಬಾಗಿಲ ತನಕ ಕಳಿಸಿದ್ದು.

ಸ್ನೇಹಲ್ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಅವಳ ಅಪ್ಪ ಓಂಪ್ರಕಾಶ ಮಾವನದು ಹುಮನಾಬಾದಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಅಡತಿ ಅಂಗಡಿ. ಊರಿನ ತೊಗರಿ, ಉದ್ದು, ಸೋಯಾ ತೂಗುವ ಮನೆಗೆ ಬಂದದ್ದು ತೂಕವೇ ಇಲ್ಲದ ಕೂಸು. ಡಾಕ್ಟರರು ಭರವಸೆ ಕೊಡಲಿಲ್ಲ. ಮಾವನ ತಾಯಿ ಮಾಣಿಕಮ್ಮ ಮಾತ್ರ ಸೋಲಲಿಲ್ಲ. ಹತ್ತಿಯಲ್ಲಿ ಸುತ್ತಿದ ಮೊಮ್ಮಗಳನ್ನು ಎದೆಗೆ ಅವಚಿಕೊಂಡು ಕೂತಳು, ಒಳಲೆಯಲ್ಲಿ ಹನಿ ಹನಿ ಹಾಲು ಹಾಕಿದಳು, ಮನೆದೇವರಿಗೆ ಹರಕೆ ಹೊತ್ತಳು. ಈ ಕೂಸು ಮೈ ತುಂಬಿಕೊಂಡು ಬೆಳೆದರೆ ಅದರ ತೂಕದಷ್ಟು ಬೆಲ್ಲ ತೂಗಿ ಊರಿಗೆ ಹಂಚುತ್ತೇನೆ ಎಂದಳು.

ತುಲಾಭಾರ ನಮ್ಮ ಕಡೆ ಹೊಸದಲ್ಲ. ತಕ್ಕಡಿಯ ಒಂದು ಕಡೆ ಕೂಸು, ಇನ್ನೊಂದು ಕಡೆ ಬೆಲ್ಲವೋ ಸಕ್ಕರೆಯೋ ಕೊಬ್ಬರಿಯೋ. ಎಳೆಗೂಸಿದ್ದಾಗಲೇ ತೀರಿಸಿಬಿಟ್ಟರೆ ಅದು ನೋಡಲು ಚಂದ. ಕೂಸು ಬೆಲ್ಲದ ಕಡೆ ಕೈ ಚಾಚುತ್ತದೆ, ನಾಲ್ಕು ಜನ ನಗುತ್ತಾರೆ, ಮುಗಿಯಿತು. ಆದರೆ ಈ ಮನೆಯಲ್ಲಿ ಮೊದಲು ಹೊಸ ಮನೆ ಕಟ್ಟಿದರು, ಆಮೇಲೆ ಮಾವನ ತಮ್ಮ ಧನರಾಜನ ಮದುವೆ ಬಂತು, ಆಮೇಲೆ ಅಂಗಡಿ ದೊಡ್ಡದಾಯಿತು. ಹರಕೆ ಮೂಲೆಗೆ ಬಿತ್ತು.

ಹಾಗೆ ಬದುಕಿ ಉಳಿದ ಹುಡುಗಿಯ ತಾಟಿನ ಮೇಲೆ ಇಡೀ ಮನೆಯ ಕಣ್ಣು. ಸ್ನೇಹಲ್ ಉಂಡಳೇ, ಎಷ್ಟು ಉಂಡಳು, ಯಾಕೆ ಬಿಟ್ಟಳು, ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಹೊಟ್ಟೆ ತುಂಬಿತೆಂದು ಅವಳು ಕೈ ತೊಳೆಯಲು ಎದ್ದರೆ ಆಯಿ ಎಂದರೆ ಅಜ್ಜಿಯ ಹೆಸರಿನ ಒಂದು ತುತ್ತು, ಅಪ್ಪನ ಹೆಸರಿನ ಒಂದು ತುತ್ತು, ಗಂಜಿನ ಹಮಾಲರ ಹೆಸರಿನಲ್ಲೂ ಒಂದು ತುತ್ತು. ಒಂದು ಅಗುಳು ಉಳಿದರೆ ಪ್ರಸಾದ ಕೆಡಿಸಿದೆ ಎಂಬ ಬೈಗುಳ. ಹಸಿವೆ ಯಾವಾಗ ಆಗುತ್ತದೆ, ಯಾವಾಗ ತೀರುತ್ತದೆ ಎಂದು ಆ ಮಗುವಿನ ಹೊಟ್ಟೆಯನ್ನು ಕೇಳಿದವರೇ ಇಲ್ಲ.

ಹುಡುಗಿ ಮೈ ತುಂಬಿಕೊಂಡಳು. ದುಂಡು ಕೆನ್ನೆ, ಗಟ್ಟಿ ಧ್ವನಿ, ಓಡಿದರೆ ನೆಲ ಸದ್ದಾಗಬೇಕು. ಮಾಣಿಕಮ್ಮನಿಗೆ ಅದೇ ಸಂಭ್ರಮ. ಆದರೆ ಐದನೆಯ ಇಯತ್ತೆ ದಾಟುವಷ್ಟರಲ್ಲಿ ಉಳಿದ ಬಾಯಿಗಳೆಲ್ಲ ತಿರುಗಿದವು. "ಸಾಕು ಬಿಡು ಸ್ನೇಹಲ್, ಒಂದ್ ರೊಟ್ಟಿ ಕಡಿಮಿ ತಿನ್ನು. ನಾಳಿ ನಿನಗ ವರ ಹುಡುಕೋದು ಹ್ಯಾಂಗ?" ಎಂದಳು ಬಂದ ಬೀಗಿತಿ. ಧನರಾಜನಂತೂ ಸೋಫಾದಲ್ಲಿ ಅವಳು ಕೂತಾಗೆಲ್ಲ ತಾನು ಮೇಲಕ್ಕೆ ಹಾರಿದಂತೆ ನಟಿಸುತ್ತಿದ್ದ. ಹುಡುಗಿಯೂ ನಗುತ್ತಿದ್ದಳು. ನಗದಿದ್ದರೆ ಇನ್ನೇನು ಮಾಡಬೇಕು ಹತ್ತು ವರ್ಷದ ಹುಡುಗಿ? ತುತ್ತು ಹಾಕಿದ ಮನೆಯೇ ತುತ್ತು ಎಣಿಸಲು ಕೂತಿತು.

ನನ್ನ ಸ್ವಂತ ಅಕ್ಕ ಜಗದೇವಿಯನ್ನೂ ನಾನು ಬಿಡುವುದಿಲ್ಲ. ಅವಳು ಓಣಿಯ ಹೆಂಗಸರ ಜೊತೆ ಯಾವುದೋ ಕ್ಲಬ್ಬಿಗೆ ಸೇರಿ, ಬೆಳಿಗ್ಗೆ ಊಟದ ಬದಲು ಡಬ್ಬಿಯ ಪುಡಿ ಕಲಸಿ ಕುಡಿಯುತ್ತಿದ್ದಳು. ಕುಡಿಯಲಿ, ಅವಳ ಹಣೆಬರಹ. ಆದರೆ ದಿನಾ ಕನ್ನಡಿಯ ಮುಂದೆ ನಿಂತು ತನ್ನ ಹೊಟ್ಟೆಯನ್ನು ತಾನೇ ಹಿಂಡಿಕೊಂಡು "ಎಮ್ಮಿ ಆಗೀನಿ ಎಮ್ಮಿ" ಎಂದು ಬೈದುಕೊಳ್ಳುವಾಗ, ಪಕ್ಕದಲ್ಲೇ ನೆಲದ ಮೇಲೆ ಕೂತು ಮಗಳು ಲೆಕ್ಕ ಮಾಡುತ್ತಿದ್ದಳು. ನಾನು ಒಮ್ಮೆ ಕೇಳಿದೆ, "ಅಕ್ಕಾ, ಹುಡುಗಿ ಕೇಳಾಕತ್ತಾಳ, ಗೊತ್ತದ ಏನು ನಿನಗ?"

"ನಾ ಏನ್ ಅಕಿಗಿ ಅಂದೀನಾ? ನನಗ ನಾ ಅಂದ್ಕೊಂಡೀನಿ" ಎಂದಳು.

ಬಸವಕಲ್ಯಾಣದ ಬಜಾರಿನಲ್ಲಿ ನನ್ನದೊಂದು ರೆಡಿಮೇಡ್ ಬಟ್ಟೆಯ ಅಂಗಡಿ ಇದೆ. ಗೋಡೆಗೆ ಆಳೆತ್ತರದ ಕನ್ನಡಿ. ಆ ಕನ್ನಡಿಯ ಮುಂದೆ ತಾಯಂದಿರು ಆಡುವ ಮಾತುಗಳನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. "ಇಕಿಗಿ ಯಾವುದೂ ಹಿಡಿಯಾಂಗಿಲ್ಲ ನೋಡ್ರಿ, ಡೇರಿ ಬಟ್ಟಿ ಇದ್ರ ಕೊಡ್ರಿ" ಎಂದು ಹೇಳಿ ನನ್ನ ಕಡೆ ನೋಡಿ ನಗುತ್ತಾರೆ, ನಾನೂ ನಗಲಿ ಎಂದು. ಡೇರೆ ಅಂತೆ. ಹುಡುಗಿ ಕನ್ನಡಿಯಲ್ಲಿ ತನ್ನನ್ನು ನೋಡುವುದಿಲ್ಲ, ತಾಯಿಯ ಮುಖ ನೋಡುತ್ತಾಳೆ. ಅಂಥ ಗಿರಾಕಿಗಳನ್ನು ನಾನು ಬೈದು ಕಳಿಸಿದ್ದೂ ಉಂಟು. ವ್ಯಾಪಾರ ಗೊತ್ತಿಲ್ಲದವಳು ಎಂದು ನನ್ನ ಗಂಡ ಇಂದಿಗೂ ಹೇಳುತ್ತಾನೆ.

ಸ್ನೇಹಲ್ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಮಾಣಿಕಮ್ಮನಿಗೆ ಮೊಣಕಾಲು ಹಿಡಿದು ಏಳಲು ಬಾರದಂತಾಯಿತು. ಯಾರೋ ಬಂದು ಹರಕೆ ಬಾಕಿ ಉಳಿದಿದೆ, ದೇವರು ನೆನಪು ಮಾಡುತ್ತಿದ್ದಾನೆ ಎಂದರು. ಅಷ್ಟು ಸಾಕಾಯಿತು. ಹದಿನಾಲ್ಕು ವರ್ಷದ ಹುಡುಗಿಯನ್ನು ಊರ ಮುಂದೆ ತೂಗುವುದೆಂದು ನಿಶ್ಚಯವಾಯಿತು.

ಅಂಗಡಿಯಲ್ಲಿ ಈಗ ತೂಗುವುದೆಲ್ಲ ಕರೆಂಟಿನ ಕಾಟಾದಲ್ಲಿ. ಹಳೆಯ ದೊಡ್ಡ ತಕ್ಕಡಿಯನ್ನು ಹಿಂದಿನ ಗೋಡೌನಿನಿಂದ ತಂದು, ಒರೆಸಿ, ಗುಡಿಯ ಅಂಗಳದ ಬೇವಿನ ಮರಕ್ಕೆ ತೂಗುಹಾಕಿದರು. ನೆಂಟರು, ಗಂಜಿನ ವ್ಯಾಪಾರಿಗಳು, ಓಣಿಯವರು, ಅವಳ ಶಾಲೆಯ ಹುಡುಗರು ಸೇರಿದರು. ಸ್ನೇಹಲ್ ನನ್ನ ಸೀರೆಯ ಸೆರಗು ಹಿಡಿದು ಮೂಲೆಗೆ ಎಳೆದಳು. "ಮೌಶಿ, ನಾ ಕೂಡಂಗಿಲ್ಲ ಅಂತ ಪಪ್ಪಾಗ ಹೇಳ್ರಿ."

ನಾನು ಹೇಳಿದೆ. ಮೆಲ್ಲಗೆ ಅಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಮಾವಾರ, ಹುಡುಗಿ ದೊಡ್ಡಾಕಿ ಆಗ್ಯಾಳ, ಅಕಿಗಿ ನಾಚಿಕಿ ಆಗ್ತದ. ಬೆಲ್ಲ ಹಾಂಗೇ ಹಂಚಿಬಿಡ್ರಿ, ದೇವರು ಏನ್ ಕಾಟಾ ಹಿಡ್ಕೊಂಡು ಕೂತಿಲ್ಲ."

"ಹರಕಿ ಅದು ವಿದ್ಯಾ, ಆಟ ಅಲ್ಲ" ಎಂದ ಓಂಪ್ರಕಾಶ ಮಾವ. "ನಿನ್ನ ಸಿಟ್ಟು ಕಲ್ಯಾಣದಾಗೇ ಇಟ್ಟು ಬಾ."

ಕೂಡಿಸಿದರು. ಕಾಲು ಮಡಚಿ, ತಲೆ ತಗ್ಗಿಸಿ ಅವಳು ತಟ್ಟೆಯಲ್ಲಿ ಕೂತಳು. ಇನ್ನೊಂದು ತಟ್ಟೆಗೆ ಬೆಲ್ಲದ ಪೆಂಟಿಗಳನ್ನು, ಆ ದಪ್ಪ ದಪ್ಪ ಅಚ್ಚುಗಳನ್ನು, ಒಂದೊಂದಾಗಿ ಇಡತೊಡಗಿದರು. ತಕ್ಕಡಿ ಅಲ್ಲಾಡಲಿಲ್ಲ. ಇನ್ನಷ್ಟು ಇಟ್ಟರು. ಆಗ ಧನರಾಜನ ಬಾಯಿ ಬಿಚ್ಚಿತು. "ತರ್ರಿ ತರ್ರಿ, ಇನ್ನೊಂದ್ ಪೆಂಟಿ ತರ್ರಿ. ನಮ್ಮದು ಖಾಲಿ ಆದ್ರ ಬಾಜೂ ಅಂಗಡಿಯಿಂದ ತರ್ರಿ. ನಮ್ಮ ಹುಡುಗಿ ಸಸ್ತಾ ಬಿಡಾಂಗಿಲ್ಲ." ಅಂಗಳ ಗೊಳ್ಳೆಂದಿತು. ಪ್ರತಿ ಪೆಂಟಿಗೂ ನಗು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹುಡುಗಿ ತಟ್ಟೆಯ ಸರಪಳಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅದರ ಗುರುತು ಮೂಡಿತ್ತು. ಮಾಣಿಕಮ್ಮ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳೂ ನಕ್ಕು ನಕ್ಕು ಕಣ್ಣೀರು ತಂದುಕೊಂಡಿದ್ದಾಳೆ ಎಂದೇ ನಾನು ತಿಳಿದೆ.

ಎಷ್ಟು ಕಿಲೋ ತೂಗಿದಳು ಎಂಬುದನ್ನು ನಾನು ಬರೆಯುವುದಿಲ್ಲ. ಆ ದಿನ ಅದನ್ನು ಮೈಕಿನಲ್ಲಿ ಕೂಗಿ ಹೇಳಿದರು, ಅಷ್ಟು ಸಾಕು.

ಇಳಿಸಿದ ಮೇಲೆ ಮೊದಲ ಚೂರು ಬೆಲ್ಲವನ್ನು ಅವಳ ಬಾಯಿಗೇ ಹಾಕಿದರು. ಜನ ಅತ್ತ ತಿರುಗಿದಾಗ ಅವಳು ಅದನ್ನು ಓಢಣಿಯ ತುದಿಯಲ್ಲಿ ಉಗುಳಿ ಗಂಟು ಕಟ್ಟಿಕೊಂಡಳು. ಉಳಿದ ಬೆಲ್ಲವನ್ನು ಊರು ಮನೆಮನೆಗೆ ಒಯ್ದು ಚಹಾ ಮಾಡಿ ಕುಡಿಯಿತು. ಯಾರೋ ತೆಗೆದ ವಿಡಿಯೋ ಸಂಜೆಯ ಹೊತ್ತಿಗೆ ಶಾಲೆಯ ಹುಡುಗರ ಮೊಬೈಲಿನಲ್ಲಿತ್ತು. ಮರುದಿನದಿಂದ ಸ್ನೇಹಲಳ ಹೆಸರು ಪೆಂಟಿ. ಬೆಂಚಿನ ಮೇಲೆ ಪೆಂಟಿ ಎಂದು ಕೊರೆದರು. ಶಾಲೆಗೆ ಹೋಗಿ ಮುಖ್ಯಗುರುಗಳ ಮುಂದೆ ನಾನು ಜಗಳ ತೆಗೆದರೆ, "ಹುಡುಗ್ರು ಮಜಾ ಮಾಡ್ತಾರ್ರಿ, ಅಷ್ಟ್ ಮನಸಿಗಿ ಹಚ್ಕೋಬಾರದು" ಎಂದರು. ಯಾರು ಏನನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕೆಂದೂ ಇವರೇ ಹೇಳುತ್ತಾರೆ.

ಶ್ರಾವಣ ಬಂತು. ಸ್ನೇಹಲ್ ಸೋಮವಾರ ಉಪವಾಸ ಎಂದಳು. ಎಲ್ಲರಿಗೂ ಸಂತೋಷ. ಆಮೇಲೆ ಗುರುವಾರವೂ ಸೇರಿತು. ಶ್ರಾವಣ ಮುಗಿದರೂ ಉಪವಾಸ ಮುಗಿಯಲಿಲ್ಲ. ಸಂಜೆ ಉಣ್ಣುವುದಿಲ್ಲ ಎಂದಳು, ಅನ್ನ ಬಿಟ್ಟಿದ್ದೇನೆ ಎಂದಳು. ಯಾಕೆಂದು ಕೇಳಿದರೆ ಒಂದೇ ಉತ್ತರ, ನೇಮ. ನಮ್ಮ ಜನಕ್ಕೆ ಆ ಮಾತು ಕೇಳಿದರೆ ಸಾಕು, ಕೈ ಮುಗಿಯುತ್ತಾರೆ. ಊಟ ಬಿಟ್ಟವಳನ್ನು ಹಿಡಿದು ಕೂಡಿಸಿ ಉಣಿಸಬೇಕಾದ ಮನೆ, ಊಟ ಬಿಟ್ಟಳೆಂದು ಅವಳನ್ನು ದೇವರ ಜಗಲಿಯ ಮೇಲೆ ಕೂಡಿಸಿತು.

ಹುಡುಗಿ ಇಳಿಯತೊಡಗಿದಳು. ಮೊದಲು ಹೊಗಳಿಕೆಯ ಮಳೆ. ಬೈದ ಬಾಯಿಗಳೇ "ಈಗ ನೋಡ್ರಿ ಹ್ಯಾಂಗ ಕಾಣಾಕತ್ತಾಳ, ಹೀರೋಯಿನ್" ಎಂದವು. ಧನರಾಜ ತನ್ನ ಮೊಬೈಲಿನಲ್ಲಿ ಅವಳ ಹಳೆಯ ಫೋಟೋ, ಹೊಸ ಫೋಟೋ ಜೋಡಿಸಿ ಮನೆಯ ಗ್ರೂಪಿಗೆ ಹಾಕಿದ. ಜಗದೇವಿ ಮಗಳನ್ನು ಕೇಳಿದಳು, "ನನಗೂ ಹೇಳು, ಏನ್ ಮಾಡ್ತೀ?" ಸ್ನೇಹಲ್ ಮೊದಲಿನಿಂದಲೂ ಹಿಡಿದ ಕೆಲಸ ಬಿಡುವವಳಲ್ಲ. ಅಕ್ಷರ ಒಂದು ವಕ್ರವಾದರೆ ಪುಟವನ್ನೇ ಮತ್ತೆ ಬರೆಯುವ ಹುಡುಗಿ, ತರಗತಿಗೆ ಮೊದಲಿಗಳು. ಆ ಹಟವೆಲ್ಲ ಈಗ ತನ್ನ ಮೈಮೇಲೆ ತಿರುಗಿತು.

ಮಠದ ಪ್ರವಚನಕ್ಕೆ ಅವಳನ್ನು ಮುಂದಿನ ಸಾಲಿಗೆ ಕರೆದರು. ಪ್ರವಚನಕಾರರು ಅವಳನ್ನು ಎಬ್ಬಿಸಿ ನಿಲ್ಲಿಸಿ, ಈ ಕಾಲದ ಹುಡುಗಿಯರು ಪಾನಿಪುರಿಯ ಹಿಂದೆ ಬಿದ್ದಿರುವಾಗ ಈ ಮಗು ನಾಲಿಗೆ ಗೆದ್ದಿದೆ ಎಂದರು. ಚಪ್ಪಾಳೆ. ಹೊರಗೆ ಬರುವಾಗ ಹೆಂಗಸರು ಅವಳ ಕಾಲು ಮುಟ್ಟಿದರು. ಹದಿನಾರು ತುಂಬದ, ನಿಂತರೆ ಕಣ್ಣು ಕತ್ತಲೆ ಬರುವ ಹುಡುಗಿಯ ಕಾಲು. ನಾನು ಆ ದಿನ ಅಲ್ಲಿದ್ದೆ. ಅವಳ ಕೈ ಹಿಡಿದರೆ ಬಿಸಿಲಲ್ಲೂ ತಣ್ಣಗಿತ್ತು. ಬಳೆ ಜಾರಬಾರದೆಂದು ದಾರ ಸುತ್ತಿಕೊಂಡಿದ್ದಳು. ಬಾಚಿದ ಬಾಚಣಿಕೆಯ ತುಂಬ ಕೂದಲು. ತಿಂಗಳ ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು.

ಅಡುಗೆಮನೆಯಲ್ಲಿ ಮಾತ್ರ ಅವಳದೇ ರಾಜ್ಯ. ಎಲ್ಲರಿಗೂ ಹುಗ್ಗಿ ಮಾಡುವವಳು ಅವಳು, ಎಳ್ಳಮಾವಾಸ್ಯೆಗೆ ಕಾಳು ಸೊಪ್ಪಿನ ಭಜ್ಜಿ ಕುದಿಸುವವಳು ಅವಳು, ತಮ್ಮಂದಿರ ತಾಟಿಗೆ ತುಪ್ಪ ಸುರಿಯುವವಳು ಅವಳು. ತಾನು ಒಂದು ಚೂರು ರೊಟ್ಟಿಯನ್ನು ಉಗುರಿನಷ್ಟು ಉಗುರಿನಷ್ಟು ಹರಿದು, ತಾಟಿನ ಸುತ್ತ ಹರಡಿ, ಉಂಡಂತೆ ಕಾಣಿಸುತ್ತಿದ್ದಳು. ನಾನು ಅಲ್ಲೇ ಕೂಗಾಡಿದೆ. "ಇದು ನೇಮ ಅಲ್ಲ ಮಾವಾರ, ಇದು ಬ್ಯಾನಿ. ದವಾಖಾನಿಗಿ ಒಯ್ರಿ."

"ನೇಮಕ್ಕ ಅಡ್ಡ ಬರಬ್ಯಾಡ" ಎಂದ ಮಾವ. "ಊರೆಲ್ಲ ಹೊಗಳಾಕತ್ತದ, ನಿನಗೊಬ್ಬಾಕಿಗಿ ಹೊಟ್ಟಿ ಉರಿ."

ಹೌದು, ಹೊಟ್ಟೆ ಉರಿಯೇ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗೋಡೆಗೆ ಬರೆಸಿಕೊಂಡ ಮನೆ ಅದು. ಅದೇ ಗೋಡೆಯ ಕೆಳಗೆ ಹುಡುಗಿ ಒಣಗುತ್ತಿದ್ದಳು.

ಪಿಯುಸಿ ಮೊದಲ ವರ್ಷ ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದಳು. ಹುಮನಾಬಾದಿನ ಡಾಕ್ಟರು ನಾಡಿ ಹಿಡಿದು ನೋಡಿ, ಹೃದಯ ಮೆಲ್ಲಗೆ ಹೊಡೆದುಕೊಳ್ಳುತ್ತಿದೆ, ಕೂಡಲೇ ಕಲಬುರಗಿಗೆ ಒಯ್ಯಿರಿ ಎಂದರು. ಅಲ್ಲಿ ಸಲೈನು, ಅಲ್ಲಿ ರಕ್ತ ಪರೀಕ್ಷೆ, ಆಮೇಲೆ ಮನಸ್ಸಿನ ಡಾಕ್ಟರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಮೆಲುಮಾತು. ಅವರು ಅಕ್ಕನನ್ನು ಕೇಳಿದರು, "ನಿಮ್ಮ ಮನೆಯಲ್ಲಿ ಮೊದಲು ಯಾರಾದರೂ ಹೀಗೆ ಊಟ ಬಿಟ್ಟವರು ಇದ್ದರಾ?"

"ಇಲ್ಲರಿ" ಎಂದಳು ಜಗದೇವಿ.

"ಅದಾರ" ಎಂದೆ ನಾನು.

ನಿರ್ಣಾದಲ್ಲಿ ನಮ್ಮ ತವರುಮನೆಯ ಪಡಸಾಲೆಯಲ್ಲಿ ಒಂದು ಫೋಟೋ ಇದೆ. ಅವ್ವನ ತಂಗಿ ನೀಲಮ್ಮ. ಮದುವೆಗೆ ಮೊದಲೇ ಅನ್ನ ಬಿಟ್ಟಳು, ನೀರು ಹಾಲಿನ ಮೇಲೆ ಇದ್ದಳು, ಇಪ್ಪತ್ತು ದಾಟುವಷ್ಟರಲ್ಲಿ ತೀರಿಕೊಂಡಳು. ಮನೆಯವರು ಅವಳನ್ನು ಶರಣೆ ಎಂದರು, ವಿಭೂತಿ ಹಚ್ಚಿದರು, ಹೂವು ಏರಿಸಿದರು. ನಾನೂ ಅಕ್ಕನೂ ಪರೀಕ್ಷೆಗೆ ಹೋಗುವಾಗ ಆ ಫೋಟೋಕ್ಕೆ ಕೈ ಮುಗಿದು ಹೋಗುತ್ತಿದ್ದೆವು. ಅದನ್ನೆಲ್ಲ ನಾನು ಹೇಳುವಾಗ ಜಗದೇವಿ ನನ್ನ ತೋಳು ಚಿವುಟಿದಳು. ಆಮೇಲೆ ಕೈ ಬಿಟ್ಟು ಮುಖ ಮುಚ್ಚಿಕೊಂಡು ಅತ್ತಳು. "ನಾವು ಅಕಿಗಿ ಪೂಜಿ ಮಾಡಿದ್ವಲ್ಲೇ ವಿದ್ಯಾ" ಎಂದಳು.

ಡಾಕ್ಟರು ಯಾರ ಮೇಲೂ ಬೊಟ್ಟು ಮಾಡಲಿಲ್ಲ. ಇಂಥ ಕಾಯಿಲೆಗೆ ಒಂದೇ ಕಾರಣ ಇರುವುದಿಲ್ಲ ಎಂದರು. ರಕ್ತದಲ್ಲಿ ಬಂದದ್ದಿರುತ್ತದೆ, ಎಲ್ಲವೂ ಸರಿಯಿರಬೇಕೆಂಬ ಸ್ವಭಾವ ಇರುತ್ತದೆ, ಸುತ್ತಲಿನವರ ಮಾತು ಇರುತ್ತದೆ. ಅದರ ಮೇಲೆ ಉಪವಾಸ ಶುರುವಾದರೆ ಉಪವಾಸವೇ ರೋಗವನ್ನು ಸಾಕುತ್ತದೆ ಎಂದರು. ಅವರಿಗೆ ಅದು ಅವರ ಕೆಲಸ, ಬೊಟ್ಟು ಮಾಡಬಾರದು. ನನಗೆ ಅಂಥ ಕಟ್ಟು ಇಲ್ಲ. ರಕ್ತ ಯಾರ ಕೈಯಲ್ಲೂ ಇಲ್ಲ, ಒಪ್ಪಿದೆ. ಬಾಯಿ ಪ್ರತಿಯೊಬ್ಬರ ಕೈಯಲ್ಲೂ ಇತ್ತು.

ಮನೆಗೆ ಕಳಿಸುವಾಗ ಅವರು ಹೇಳಿದ್ದು ಇಷ್ಟು. ಅವಳ ಮೈ ಬಗ್ಗೆ ಯಾರೂ ಮಾತಾಡಬಾರದು, ಇಳಿದಿದ್ದಾಳೆ ಎಂದೂ ಬೇಡ, ಏರಿದ್ದಾಳೆ ಎಂದೂ ಬೇಡ. ಜೊತೆಗೆ ಕೂತು ಉಣ್ಣಿ, ಆದರೆ ತಾಟು ದಿಟ್ಟಿಸಬೇಡಿ. ತೂಕ ನಾವಿಲ್ಲಿ ನೋಡಿಕೊಳ್ಳುತ್ತೇವೆ, ಆ ಅಂಕಿ ಅವಳ ಕಣ್ಣಿಗೂ ಕಿವಿಗೂ ಬೀಳಬಾರದು. ಈ ಮಾತು ಹೇಳುವಾಗ ಓಂಪ್ರಕಾಶ ಮಾವನೂ ಅಲ್ಲೇ ನಿಂತಿದ್ದ, ಆಗಲಿ ಎಂದು ತಲೆ ಆಡಿಸಿದ. ಅದಕ್ಕೆ ಮೊದಲು, ಮಗಳು ಐಸಿಯುನಲ್ಲಿದ್ದಾಗ, ಗೋಡೆಗೆ ಹಣೆ ಹಚ್ಚಿ ಅವನು ಏನೋ ಗೊಣಗುತ್ತಿದ್ದ. ಭಯದಲ್ಲಿ ಅಳುತ್ತಿದ್ದಾನೆ ಎಂದುಕೊಂಡೆ. ಅವನು ಇನ್ನೊಂದು ಹರಕೆ ಹೊರುತ್ತಿದ್ದ, ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಸ್ನೇಹಲಳನ್ನು ನಾನು ಬಸವಕಲ್ಯಾಣಕ್ಕೆ ಕರೆದುಕೊಂಡು ಬಂದೆ. ಕಳಿಸಿದವಳು ಜಗದೇವಿಯೇ. ಪುಡಿಯ ಡಬ್ಬಿಗಳನ್ನು ತಿಪ್ಪೆಗೆ ಎಸೆದು ಬಂದು, "ನಿನ್ನ ಹತ್ರ ಇರ್ಲಿ. ಇಲ್ಲಿ ಬರೋರಿಗಿ ಬಾಯಿ ಭಾಳ ಅದ" ಎಂದಳು. ಅಂಗಡಿಯ ಕನ್ನಡಿಗೆ ನಾನು ಪರದೆ ಹಾಕಿಸಿದೆ. ಬೇಕಾದವರು ಸರಿಸಿಕೊಂಡು ನೋಡಲಿ.

ಸುಲಭವಾಗಿ ಏನೂ ಆಗಲಿಲ್ಲ. ಎದುರಿಗೆ ತಾಟು ಬಂದರೆ ಅವಳ ಮುಖ ಕಲ್ಲಾಗುತ್ತಿತ್ತು. ಒಂದು ಸಲ ತಾಟನ್ನು ಗೋಡೆಗೆ ಎಸೆದು, "ಎಲ್ಲಾರೂ ನನ್ನ ತಾಟೇ ಯಾಕ ನೋಡ್ತೀರಿ? ನಿಮ್ಮ ತಾಟು ನೋಡ್ಕೋರಿ" ಎಂದು ಕಿರುಚಿದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಅಲ್ಲಿಯತನಕ ಆ ಹುಡುಗಿ ತನ್ನ ಮೇಲೆ ಬಿಟ್ಟು ಬೇರೆ ಯಾರ ಮೇಲೂ ಸಿಟ್ಟು ಮಾಡಿದ್ದನ್ನು ನಾನು ನೋಡಿರಲಿಲ್ಲ. ಗೋಡೆಯ ಸಾರು ಒರೆಸಿದೆ, ಬೇರೆ ತಾಟು ತಂದೆ.

ಅವಳಿಗೆ ಊಟ ಸೇರಿದ್ದು ನನ್ನ ಜೊತೆಗಲ್ಲ, ಸರ್ದಾರಬಿಯ ಜೊತೆಗೆ. ಸರ್ದಾರಬಿ ನಮ್ಮ ಅಂಗಡಿಯಲ್ಲಿ ಬಟ್ಟೆ ಸಡಿಲು ಬಿಗಿ ಮಾಡುವ ಹೆಂಗಸು. ಮಧ್ಯಾಹ್ನ ಮಷಿನ್ನಿನ ಹಿಂದೆ ಡಬ್ಬಿ ಬಿಚ್ಚಿ ಕೂತರೆ ತನ್ನ ಸೊಸೆಯ ಪುರಾಣ ಶುರು. "ನಿನ್ನೆ ಏನ್ ಕರಾಮತಿ ಮಾಡ್ಯಾಳ ಕೇಳ್ರಿ ಬೇಟಿ" ಎಂದು ತುತ್ತಿನ ನಡುವೆ ಹೇಳುತ್ತಲೇ ಇರುತ್ತಾಳೆ. ಎದುರಿಗೆ ಕೂತವರು ಉಂಡರೋ ಬಿಟ್ಟರೋ ಅವಳಿಗೆ ಸಂಬಂಧವಿಲ್ಲ, ಸೊಸೆಯ ತಪ್ಪು ಕೇಳುವ ಕಿವಿ ಇದ್ದರೆ ಸಾಕು. ಸ್ನೇಹಲ್ ಆ ಕತೆ ಕೇಳುತ್ತ ಕೇಳುತ್ತ ಅರ್ಧ ರೊಟ್ಟಿ ಮುಗಿಸತೊಡಗಿದಳು, ಆಮೇಲೆ ಪೂರ್ತಿ ರೊಟ್ಟಿ. ಹಿಂದೆ ಬಿದ್ದ ದಿನಗಳೂ ಇದ್ದವು, ಕಲಬುರಗಿಗೆ ಓಡಿದ್ದೂ ಇದೆ. ಆದರೆ ವರ್ಷ ತಿರುಗುವ ಹೊತ್ತಿಗೆ ಅವಳ ಕೈ ಬೆಚ್ಚಗಾಗಿತ್ತು, ಕಾಲೇಜಿಗೆ ಇಲ್ಲೇ ಸೇರಿಕೊಂಡಿದ್ದಳು.

ಆಗ ಹುಮನಾಬಾದಿನಿಂದ ಮಾವನ ಫೋನು ಬಂತು. ಮನೆಯಲ್ಲಿ ಪೂಜೆ ಇದೆ, ಸ್ನೇಹಲಳನ್ನು ಕರೆದುಕೊಂಡು ಬಾ ಎಂದ.

ಬಸ್ಸಿನಲ್ಲಿ ಹೋದೆವು. ಹೈವೇ ಬಿಟ್ಟು ಕಾರ್ಖಾನೆಗಳ ವಾಸನೆ ಮೂಗಿಗೆ ಬಡಿದಾಗ ಸ್ನೇಹಲ್ "ಊರು ಬಂತು" ಎಂದು ನಕ್ಕಳು. ಮನೆಯ ಮುಂದೆ ಪೆಂಡಾಲು, ಅಂಗಳದ ತುಂಬ ಜನ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಪೆಂಡಾಲಿನ ನಡುವೆ, ಕಬ್ಬಿಣದ ಕಂಬಕ್ಕೆ, ಅದೇ ತಕ್ಕಡಿ. ಒಂದು ತಟ್ಟೆಗೆ ಹೂವಿನ ಹಾರ ಸುತ್ತಿದ್ದರು. ಇನ್ನೊಂದರ ಪಕ್ಕ ಸಕ್ಕರೆಯ ಚೀಲಗಳು. ಸ್ನೇಹಲಳ ಕೈ ನನ್ನ ಕೈಯಲ್ಲಿ ಮತ್ತೆ ತಣ್ಣಗಾಯಿತು. ಬೆಳಿಗ್ಗೆ ತಾನಾಗಿಯೇ ಎರಡು ಇಡ್ಲಿ ಕೇಳಿ ತಿಂದು ಬಂದಿದ್ದ ಹುಡುಗಿ ಓಢಣಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ನನ್ನ ಮೈಯೆಲ್ಲ ಉರಿಯಿತು. "ಡಾಕ್ಟರ್ ಏನ್ ಹೇಳ್ಯಾರ ಮಾವಾರ? ನೀವು ಹೂಂ ಅಂತ ತಲಿ ಆಡಿಸಿದ್ರಿ. ಕಿವಿ ಎಲ್ಲಿ ಇಟ್ಟಿದ್ರಿ?"

"ಅಕಿ ದವಾಖಾನ್ಯಾಗಿದ್ದಾಗ ಬೇಡ್ಕೊಂಡೀನಿ" ಎಂದ ಓಂಪ್ರಕಾಶ ಮಾವ. "ಮಗಳು ಮತ್ತ ಮೈ ತುಂಬ್ಕೊಂಡ್ರ ಸಕ್ಕರಿಲಿಂದ ತೂಗ್ತೀನಿ ಅಂತ. ದೇವರು ಕೊಟ್ಟಾನ. ಈಗ ತಪ್ಪಿಸಿದ್ರ ಮತ್ತ ಏನಾರ ಆದ್ರ ನೀ ಕೊಡ್ತೀಯೇನು ನನ್ನ ಮಗಳಿಗಿ?"

ಅವನು ಮಗಳನ್ನು ಪ್ರೀತಿಸುತ್ತಾನೆ. ಅದೇ ನನಗೆ ಹೆಚ್ಚು ಸಿಟ್ಟು ತರುವುದು. ಕೆಟ್ಟವರಾಗಿದ್ದರೆ ಒಂದು ಮಾತಿನಲ್ಲಿ ಬಿಟ್ಟುಬಿಡಬಹುದಿತ್ತು. ಇವರು ಪ್ರೀತಿಯಿಂದ ಕೊಲ್ಲುವವರು. ಆ ತಟ್ಟೆಯಲ್ಲಿ ಇನ್ನೊಮ್ಮೆ ಕೂಡಿಸಿದರೆ ಒಂದು ವರ್ಷದ ಒಂದೊಂದು ತುತ್ತೂ ವ್ಯರ್ಥವೆಂದು ನನಗೆ ಗೊತ್ತಿತ್ತು. ಸ್ನೇಹಲಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಪಪ್ಪಾ, ನಾ ಕೂಡಂಗಿಲ್ಲ" ಎಂದಳು. ಈ ಸಲ ನನ್ನ ಸೆರಗು ಹಿಡಿಯಲಿಲ್ಲ, ತಾನೇ ಹೇಳಿದಳು.

ಅಂಗಳ ಗುಜುಗುಜು ಎಂದಿತು. ಹರಕೆಗೆ ಹಾಗೆನ್ನಬಾರದು ಎಂದು ಒಬ್ಬಳು, ಐದು ನಿಮಿಷದ ಮಾತು ಎಂದು ಇನ್ನೊಬ್ಬಳು. ಧನರಾಜ ಚೀಲದ ಬಾಯಿ ಬಿಚ್ಚುತ್ತ, "ಈ ಸರ್ತಿ ಜಾಸ್ತಿ ಬೀಳಂಗಿಲ್ಲ ಬಾ" ಎಂದು ನಕ್ಕ. ಕಲಿಯಲಿಲ್ಲ ಆ ಮನುಷ್ಯ, ಇಷ್ಟಾದರೂ ಕಲಿಯಲಿಲ್ಲ.

ಮಾಣಿಕಮ್ಮ ಬಾಗಿಲ ಬಳಿಯ ಕುರ್ಚಿಯಿಂದ ಮೊಮ್ಮಗಳನ್ನು ಹತ್ತಿರ ಕರೆದಳು. "ಯಾಕ ಮಗಾ? ಆಗ ಕೂತಿದ್ದೆಲ್ಲಾ, ಎಷ್ಟು ಚಂದ ಆಗಿತ್ತು."

"ಆಯಿ, ಅವತ್ತು ಎಲ್ಲಾರೂ ನಕ್ಕಾರ" ಎಂದಳು ಸ್ನೇಹಲ್. "ಒಂದೊಂದು ಪೆಂಟಿ ಇಡೂ ಮುಂದ ನಕ್ಕಾರ. ನೀನೂ ನಕ್ಕಿದಿ. ಅವತ್ತಿನಿಂದ ನನಗ ಬಾಯಾಗ ಏನ್ ಇಟ್ಟರೂ ಆ ನಗಿ ಕೇಳಸ್ತಿತ್ತು."

ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡಳು. "ನಾ ನಗಲಿಲ್ಲ ಮಗಾ" ಎಂದಳು. "ನಾ ಅತ್ತೀನಿ. ನೀ ಹುಟ್ಟಿದಾಗ ನನ್ನ ಒಂದ್ ಅಂಗೈ ಮ್ಯಾಲ ಹಿಡಿತಿದ್ದಿ. ಇಷ್ಟು ತೂಗಾಕತ್ತೀ ಅಂತ ಒಂದೊಂದು ಪೆಂಟಿಗಿ ದೇವರಿಗಿ ಕೈ ಮುಗದೀನಿ. ಇವರು ನಗಾಕತ್ತಾರ ಅನ್ನೋದು ನನಗ ಕೇಳಸಲೇ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ತಕ್ಕಡಿ, ಎರಡು ತಟ್ಟೆ ಬೇರೆ ಬೇರೆ ತೂಗಿದ್ದವು, ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ.

ಮಾಣಿಕಮ್ಮ ಎದ್ದಳು. ಮೊಣಕಾಲು ಹಿಡಿದುಕೊಂಡು, ಯಾರ ಕೈಯನ್ನೂ ಹಿಡಿಯದೆ, ಜನರ ನಡುವೆ ನಡೆದು ಹೋಗಿ ಹೂವಿನ ಹಾರ ಕಿತ್ತು ಕೆಳಗೆ ಹಾಕಿ ತಟ್ಟೆಯಲ್ಲಿ ತಾನೇ ಕೂತಳು. ಎಂಬತ್ತು ದಾಟಿದ ಹೆಂಗಸು, ಸೀರೆ ಮಡಚಿ, ಕಾಲು ಮಡಚಿ ಕೂತಳು. "ಮೊದಲಿನ ಹರಕಿ ಹೊತ್ತಾಕಿ ನಾ. ನನ್ನ ನೋಡಿ ನನ್ನ ಮಗ ಕಲ್ತಾನ. ದೇವರಿಗಿ ತೂಕ ಬೇಕಂದ್ರ ನಂದು ತಗೊಳ್ಳಿ. ತೂಗ್ರಿ."

"ಅವ್ವಾ, ಇಳೀರಿ" ಎಂದ ಓಂಪ್ರಕಾಶ ಮಾವ.

"ತೂಗು ಧನ್ಯಾ. ಅವತ್ತು ಹ್ಯಾಂಗ ಕೂಗಿದ್ದಿ, ಹಾಂಗೇ ಕೂಗು. ಇನ್ನೊಂದ್ ತರ್ರಿ ಅನ್ನು. ನಗ್ರಿ ಎಲ್ಲಾರೂ."

ಯಾರೂ ನಗಲಿಲ್ಲ. ಧನರಾಜ ಸಕ್ಕರೆಯನ್ನು ಬೊಗಸೆಯಲ್ಲಿ ಹಾಕುತ್ತ ಹೋದ, ತಲೆ ಎತ್ತಲಿಲ್ಲ. ಮುದುಕಿಯಲ್ಲಿ ಇನ್ನೇನು ತೂಕ ಉಳಿದಿತ್ತು, ಒಂದು ಚೀಲಕ್ಕೂ ಮೊದಲೇ ಮುಳ್ಳು ಸಮ ನಿಂತಿತು. ಯಾರೋ ಮೈಕು ಹಿಡಿದವನು ಅಂಕಿ ಹೇಳಲು ಬಾಯಿ ತೆರೆದ. ಮಾಣಿಕಮ್ಮ ಅವನ ಕಡೆ ಒಮ್ಮೆ ನೋಡಿದಳು, ಅವನು ಮೈಕು ಕೆಳಗಿಟ್ಟ.

"ಹರಕಿ ತೀರ್ತು" ಎಂದಳು ಅವಳು. "ತಕ್ಕಡಿ ಬಿಚ್ಚ್ರಿ. ಗುಜರಿಯವನಿಗಿ ಹಾಕ್ರಿ, ಮತ್ತ ಗೋಡೌನಿಗಿ ಒಯ್ಯಬ್ಯಾಡ್ರಿ."

ನನ್ನ ಸಿಟ್ಟು ಆ ದಿನ ತಣಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಹಳೆಯ ವಿಡಿಯೋ ಇನ್ನೂ ಯಾರ ಯಾರ ಮೊಬೈಲಿನಲ್ಲಿ ಕೂತಿದೆಯೋ. ಧನರಾಜನ ಜೊತೆ ನಾನು ಈಗಲೂ ಮಾತಾಡುವುದಿಲ್ಲ. ನಿರ್ಣಾಕ್ಕೆ ಹೋಗಿ ನೀಲಮ್ಮನ ಫೋಟೋದ ಹಾರ ತೆಗೆದು ಬಂದೆ, ಅದಕ್ಕೆ ತವರಿನವರು ನನ್ನ ಜೊತೆ ಮಾತಾಡುವುದಿಲ್ಲ. ಆಡದಿರಲಿ. ಪಾಪ, ಹಸಿದು ಸತ್ತ ಹುಡುಗಿ ಅವಳು. ಅವಳಿಗೆ ಬೇಕಾಗಿದ್ದದ್ದು ಹೂವಲ್ಲ.

ಆ ದಿನ ಜನ ಸಕ್ಕರೆ ಕಟ್ಟಿಕೊಂಡು ಹೋದ ಮೇಲೆ ಹಿಂದಿನ ಪಡಸಾಲೆಯಲ್ಲಿ ಆಯಿ ಮೊಮ್ಮಗಳು ನೆಲದ ಮೇಲೆ ಕೂತಿದ್ದರು, ನಾನು ಬಾಗಿಲಲ್ಲಿದ್ದೆ. ಮಾಣಿಕಮ್ಮನ ಸೆರಗಿನಲ್ಲಿ ಒಂದು ಚೂರು ಬೆಲ್ಲ ಇತ್ತು, ಮುದುಕರು ಇಟ್ಟುಕೊಂಡಿರುವ ಹಾಗೆ. ಅದನ್ನು ಎರಡು ಮಾಡಿ, ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಸ್ನೇಹಲಳ ಮುಂದೆ ನೆಲದ ಮೇಲೆ ಇಟ್ಟಳು. ತಿನ್ನು ಎನ್ನಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ ಅಂಗಳದ ಕಡೆ ಮುಖ ತಿರುಗಿಸಿಕೊಂಡು, ಕಂಬ ಕೀಳುವವರನ್ನು ಬೈಯತೊಡಗಿದಳು.

ಸ್ನೇಹಲಳ ಕೈ ಬೆಲ್ಲದ ಕಡೆ ಹೋಯಿತು. ನೋಡಬೇಕೆಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ನಾನೂ ಮುಖ ತಿರುಗಿಸಿಕೊಂಡೆ.